ಮಳೆ ಡಬ್ಬಿ ಮತ್ತು ಕತ್ತರಿ ಹಚ್ಚುವ ದಿನ

ದಸರೆಯ ಆಸುಪಾಸಿನ ಒಂದು ಭಾನುವಾರ. ಮಾಲಗಾಂವದಿಂದ ಅಪ್ಪ-ಮಗ ಇಬ್ಬರೂ ಮುಖ ಗಂಟು ಹಾಕಿಕೊಂಡು ನಮ್ಮ ಮಿರಜದ ಮನೆಗೆ ಬಂದರು. ಸೋಫಾದ ಈ ತುದಿಗೊಬ್ಬರು, ಆ ತುದಿಗೊಬ್ಬರು ಕುಳಿತರು. ನಡುವೆ ಇನ್ನಿಬ್ಬರು ಆರಾಮಾಗಿ ಕೂರುವಷ್ಟು ಜಾಗ ಬಿಟ್ಟಿದ್ದರು.

ಅಪ್ಪ ಎಂದರೆ ನೇಮಣ್ಣ ಮಾಮಾ, ನನ್ನ ಯಜಮಾನರ ಸೋದರಮಾವ, ತೀರಿಹೋದ ನಮ್ಮ ಅತ್ತೆಯ ತಮ್ಮ. ಮಗ ಸುಹಾಸ. ಇಬ್ಬರೂ ಸೇರಿ ದ್ರಾಕ್ಷಿ ತೋಟ ಮಾಡುತ್ತಾರೆ. (ಸೇರಿ ಎಂಬ ಮಾತನ್ನು ಆ ಭಾನುವಾರದ ಮಟ್ಟಿಗೆ ಬಿಟ್ಟುಬಿಡಿ.)

"ನೀನ ಹೇಳವ್ವಾ, ಮಳಿ ಬರ್ತದೋ ಇಲ್ಲೋ? ನೀ ಹೇಳಿದಂಗ ಮಾಡ್ತೀವಿ" ಅಂದರು ಮಾಮಾ.

"ಯಾವಾಗ ಮಾಮಾ? ಇವತ್ತ?"

"ಇವತ್ತಿಂದು ನನಗೂ ಕಾಣಸ್ತದ. ದೀಪಾವಳಿ ದಾಟಿದ ಮ್ಯಾಲಿಂದು ಹೇಳು."

ನನಗೇಕೆ ಈ ಪ್ರಶ್ನೆ? ತಪ್ಪು ಆ ಡಬ್ಬಿಯದು. ನಮ್ಮ ತಾರಸಿಯ ಮೇಲೆ ಒಂದು ಮಳೆಮಾಪಕ ಇದೆ. ಹೆಸರು ದೊಡ್ಡದು, ನೋಡಲು ಗೆರೆ ಎಳೆದ ಪ್ಲಾಸ್ಟಿಕ್ ಡಬ್ಬಿ, ಮೇಲೊಂದು ಆಲಿಕೆ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಹತ್ತಿ ನೋಡುತ್ತೇನೆ. ನೀರಿದ್ದರೆ ಅಳೆದು ಚೆಲ್ಲುತ್ತೇನೆ, ಪಾರಿವಾಳದ ಪುಕ್ಕ ಬಿದ್ದಿದ್ದರೆ ತೆಗೆಯುತ್ತೇನೆ. ಆಮೇಲೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತೇನೆ: ಮಿರಜ, ಇಷ್ಟು ಮಿಲಿಮೀಟರ್. ಅಷ್ಟೇ. ಕೆಲವರು ನಾಣ್ಯ ಕೂಡಿಸುತ್ತಾರೆ, ಕೆಲವರು ಅಂಚೆಚೀಟಿ. ನಾನು ಬಿದ್ದ ಮಳೆ ಕೂಡಿಸುತ್ತೇನೆ.

ಗ್ರೂಪಿನವರು ಇದನ್ನು ಬೇರೆಯೇ ರೀತಿ ತಿಳಿದುಕೊಂಡರು. ಬಿದ್ದದ್ದನ್ನು ಅಳೆಯುವವಳಿಗೆ ಬೀಳುವುದೂ ಗೊತ್ತಿರಬೇಕಲ್ಲ? ನಾದಿನಿ ಸಂಡಿಗೆ ಹಾಕುವ ಮುಂಚೆ ಕೇಳುತ್ತಾಳೆ. ಸಾಂಗ್ಲಿಯ ಮಾವಶಿ ಗಾದಿ ಬಿಸಿಲಿಗೆ ಹಾಕುವ ಮುಂಚೆ ಕೇಳುತ್ತಾರೆ. ಥರ್ಮಾಮೀಟರ್ ಇಟ್ಟುಕೊಂಡವರನ್ನು ಮುಂದಿನ ತಿಂಗಳು ಜ್ವರ ಬರುತ್ತದೆಯೇ ಎಂದು ಯಾರಾದರೂ ಕೇಳುತ್ತಾರೆಯೇ?

ಆದರೆ ಮಾಮಾನ ಪ್ರಶ್ನೆ ಸಂಡಿಗೆಯದಲ್ಲ, ಒಂದು ವರ್ಷದ ಬೆಳೆಯದು. ದ್ರಾಕ್ಷಿಗೆ ಮಳೆಗಾಲ ಮುಗಿಯುತ್ತಲೇ ಕತ್ತರಿ ಹಚ್ಚಬೇಕು. ಬಳ್ಳಿಯ ಕಡ್ಡಿ ಕತ್ತರಿಸಿದ ದಿನದಿಂದ ಅದರ ಗಡಿಯಾರ ಶುರು. ಚಿಗುರು ಒಡೆದು, ಗೊನೆ ಕಾಣಿಸಿ, ತಿಂಗಳ ಮೇಲಾಗುವ ಹೊತ್ತಿಗೆ ಹೂವು. ಆ ಹೂವಿನ ಮೇಲೆ ಮಳೆ ನಿಂತರೆ ಹೂ ಉದುರುತ್ತದೆ, ಉಳಿದದ್ದಕ್ಕೆ ದಾವಣ್ಯಾ ಎಂಬ ಬೂಷ್ಟು ರೋಗ ಹತ್ತುತ್ತದೆ. ಒಮ್ಮೆ ಕತ್ತರಿಸಿದ ಕಡ್ಡಿಯನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಹಾಗಾಗಿ ಇವತ್ತು ಕತ್ತರಿ ಹಿಡಿದವನು ಇವತ್ತಿನ ಆಕಾಶ ನೋಡಿದರೆ ಸಾಲದು, ದೀಪಾವಳಿ ಆಚೆಯ ಆಕಾಶ ನೋಡಬೇಕು.

ಆ ಆಕಾಶ ಸುಹಾಸನ ಫೋನಿನಲ್ಲಿತ್ತು. ಯಾವುದೋ ಒಂದು ಅ‍್ಯಾಪ್. ಮೂರು ತಿಂಗಳ ಮುಂದಿನ ಒಂದೊಂದು ದಿನಕ್ಕೂ ಒಂದೊಂದು ಪುಟ್ಟ ಚಿತ್ರ: ಸೂರ್ಯ, ಮೋಡ, ಹನಿ.

"ವೈನಿ, ನೋಡ್ರಿ. ಈಗ ಕಟ್ ಮಾಡಿದ್ರ ಬರೋಬ್ಬರ್ ಹೂವಿನ್ಯಾಗ ಪಾಊಸ್ ದಾಖವತಂಯ. ಒಂದ ವಾರ ತಡದ್ರ ಕ್ಲಿಯರ್ ಅದ" ಅಂದ. (ಮಳೆ ತೋರಿಸುತ್ತಿದೆ ಎನ್ನುವುದನ್ನು ಅವನು ಮರಾಠಿಯಲ್ಲೇ ಹೇಳುವುದು. ಅವನ ಕನ್ನಡ ಅರ್ಧ ದಾರಿಗೆ ಬಸ್ ಬದಲಿಸುತ್ತದೆ.)

"ಕತ್ತರಿ ಹಾಕೋ ಆಳಿನ ಟೋಳಿಗೆ ಮಾತು ಕೊಟ್ಟೇನಿ. ಅವರು ಈ ವಾರ ಬಿಟ್ರ ಸಲಗರೆ ಕಡೆ ಹೋಗ್ತಾರ. ಆಮ್ಯಾಲೆ ಯಾರು ಬರ್ತಾರ, ಇವನ ಅ‍್ಯಾಪ್ ಬರ್ತದೇನು?" ಅಂದರು ಮಾಮಾ.

ನಾನು ಚಹಾ, ಚೂಡಾ ಇಟ್ಟು ನನ್ನ ಪಾಠ ಶುರು ಮಾಡಿದೆ. ನಾಳೆ-ನಾಡಿದ್ದಿನ ಮುನ್ಸೂಚನೆ ನಂಬಬಹುದು. ಒಂದು ವಾರದ್ದನ್ನು ಅನುಮಾನ ಇಟ್ಟುಕೊಂಡು ನೋಡಬಹುದು. ಅದರಾಚೆ ಹೋದರೆ, ಈ ಭಾಗದಲ್ಲಿ ಸಾಮಾನ್ಯಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಹೇಳಬಹುದು, ಅದೂ ಅಂದಾಜು. ಇಂಥ ಗುರುವಾರ ಮಧ್ಯಾಹ್ನ ನಿಮ್ಮ ತೋಟದ ಮೇಲೆ ಎಂದು ಹೇಳುವುದು ಮುನ್ಸೂಚನೆಯಲ್ಲ, ಅಲಂಕಾರ. ಅದೇ ಅ‍್ಯಾಪನ್ನು ಹಿಂದೆ ನಾನೂ ಹಿಂಬಾಲಿಸಿ ನೋಡಿದ್ದೆ. ಒಂದೇ ದಿನದ ಬಗ್ಗೆ ಸೋಮವಾರ ಹನಿ ತೋರಿಸಿತು, ಗುರುವಾರ ಸೂರ್ಯ, ಮತ್ತೊಂದು ವಾರಕ್ಕೆ ಮೋಡ. ಪ್ರತಿ ಸಲವೂ ಅಷ್ಟೇ ಧೈರ್ಯದಿಂದ.

"ಬಿಡು, ಅದು ಸುಳ್ಳ ಆತು. ನಿನ್ನ ಡಬ್ಬಿ ಏನಂತದ?"

"ಒಂದ ವರ್ಷ ಆ ವಾರದಾಗ ಮಳಿ ಆಗ್ಯದ. ಒಂದ ವರ್ಷ ಆಗಿಲ್ಲ. ಈ ಸಲದ್ದು ಗೊತ್ತಿಲ್ಲ ಮಾಮಾ."

"ಹಂಗಾದ್ರ ಇಷ್ಟು ವರ್ಷ ಅಳದು ಏನ್ ಉಪಯೋಗ ಆತು?"

ಸಿಟ್ಟು ಬಂತು. ನಿಜ ಹೇಳಿದರೆ ಯಾರಿಗೂ ಬೇಡ, ಸುಳ್ಳು ಹೇಳುವ ಅ‍್ಯಾಪಿಗೆ ಮಾತ್ರ ಐದು ಸ್ಟಾರ್. ಆದರೂ ಚೂಡಾದ ತಟ್ಟೆ ಮುಂದೆ ಸರಿಸಿದೆ.

ಮಾಮಾ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಗೋಡೆಯ ಮೇಲಿನ ಅತ್ತೆಯ ಫೋಟೋ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

"ಅಕ್ಕನೂ ಹಿಂಗ ಅಂತಿದ್ಲು. ಪ್ರತಿ ವರ್ಷ ಕತ್ತರಿ ಹಚ್ಚೂ ಮೊದಲ ಕೇಳಾಕ ಬರ್ತಿದ್ನೆಲ್ಲ. ನನಗೇನ್ ಗೊತ್ತೋ ತಮ್ಮಾ, ನೀ ಹಚ್ಚು, ಮಳಿ ಬಂದ್ರ ನಾನೂ ಬರ್ತೀನಿ ಅಂತಿದ್ಲು."

ನನಗೆ ನೆನಪಾಯಿತು. ಮಾಮಾ ಬರುತ್ತಿದ್ದುದೂ ನೆನಪಿದೆ, ಹೂವಿನ ಕಾಲಕ್ಕೆ ಮಳೆ ಹತ್ತಿದ ಒಂದು ವರ್ಷ ಅತ್ತೆ ಚೀಲದಲ್ಲಿ ಎರಡು ಸೀರೆ ತುಂಬಿಕೊಂಡು ಮಾಲಗಾಂವಕ್ಕೆ ಹೋದದ್ದೂ ನೆನಪಿದೆ. ಅತ್ತೆಗೆ ಮಳೆಯ ಬಗ್ಗೆ ಏನೂ ಗೊತ್ತಿರಲಿಲ್ಲ. ಒಣಹಾಕಿದ ಬಟ್ಟೆ ನೆನೆದ ಮೇಲೆಯೇ ಅವರಿಗೆ ಮಳೆ ಬಂದದ್ದು ತಿಳಿಯುತ್ತಿತ್ತು. ಅಂಥವರ ಹತ್ತಿರ ಹವಾಮಾನ ಕೇಳಲು ಒಬ್ಬ ರೈತ ಪ್ರತಿ ವರ್ಷ ಯಾಕೆ ಬರುತ್ತಿದ್ದ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ.

ಮಾಮಾ ಎದ್ದು ಟೋಪಿ ಸರಿಮಾಡಿಕೊಂಡು, "ನಾಳೆ ಹಚ್ಚತೇನಿ" ಅಂದರು. ಸುಹಾಸ ತಲೆ ಅಲ್ಲಾಡಿಸುತ್ತ ಅವರ ಹಿಂದೆ ಹೋದ.

ದೀಪಾವಳಿ ಆಯಿತು. ಅ‍್ಯಾಪ್ ಮಳೆ ಎಂದು ಹೇಳಿದ್ದ ದಿನ ಬಿಸಿಲು ರಣಗುಟ್ಟಿತು. ಗ್ರೂಪಿನಲ್ಲಿ ಮಾಮಾ ಆ ಬಿಸಿಲಿನ ಫೋಟೋವನ್ನೇ ಹಾಕಿದರು. ಅದಾಗಿ ಕೆಲವು ದಿನಕ್ಕೆ ಒಂದು ಬೆಳಿಗ್ಗೆ ಎದ್ದರೆ ಅಂಗಳವೆಲ್ಲ ಒದ್ದೆ. ತಾರಸಿ ಹತ್ತಿದೆ. ಡಬ್ಬಿಯಲ್ಲಿ ಹನ್ನೆರಡು ಮಿಲಿಮೀಟರ್. ಮೋಡ ಇನ್ನೂ ಕವಿದಿತ್ತು.

ಮಳೆ ಬಿದ್ದ ದಿನ ಮಾಮಾನ ಫೋನ್ ತಪ್ಪುವುದಿಲ್ಲ. ಎಷ್ಟಾತು, ಎಂದು ಕೇಳುತ್ತಾರೆ. ಅವತ್ತು ಫೋನ್ ಬರಲಿಲ್ಲ.

ಬೇರೆ ದಿನವಾದರೆ ಗ್ರೂಪಿನಲ್ಲಿ ಹನ್ನೆರಡು ಎಂದು ಬರೆದು ಒಗ್ಗರಣೆ ಹಾಕಲು ಹೋಗುತ್ತಿದ್ದೆ. ಅವತ್ತು ಡಬ್ಬಿ ಹಾಗೇ ಬಿಟ್ಟು ಕೆಳಗಿಳಿದೆ. "ಸ್ಕೂಟರ್ ತಗೀರಿ" ಅಂದೆ ಯಜಮಾನರಿಗೆ.

ಮಾಲಗಾಂವದಲ್ಲಿ ಮನೆಮಂದಿಯೆಲ್ಲ ತೋಟದಲ್ಲಿದ್ದರು. ಬಳ್ಳಿ ಹಬ್ಬಿಸಿದ ತಂತಿ ಹಿಡಿದು ಅಲ್ಲಾಡಿಸುವುದು, ಹೂಗೊಂಚಲಲ್ಲಿ ನಿಂತ ನೀರು ಉದುರಿಸುವುದು. ಸಾಲಿನ ಮೇಲೆ ಸಾಲು. ಇದಕ್ಕೆ ಬುದ್ಧಿ ಬೇಡ, ಕೈ ಬೇಕು. ಎಷ್ಟು ಕೈ ಇದ್ದರೂ ಸಾಲದು. ಮಾಮಾ ನನ್ನನ್ನು ನೋಡಿ, "ಬಂದ್ಯಾ?" ಅಂದರು. ಅಷ್ಟೇ. ಎಷ್ಟು ಮಿಲಿಮೀಟರ್ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿ ಒಂದು ಸಾಲು ಹಿಡಿದೆ. ಮೊದಲ ಬಾರಿ ಅಲ್ಲಾಡಿಸಿದಾಗ ಆ ಸಾಲಿನ ಮಳೆಯೆಲ್ಲ ನನ್ನ ತಲೆಯ ಮೇಲೇ ಬಿತ್ತು. ಇಷ್ಟು ವರ್ಷ ಅಳೆದ ಮಳೆ ಇಷ್ಟು ತಣ್ಣಗಿರುತ್ತದೆಂದು ಗೊತ್ತಿರಲಿಲ್ಲ.

(ತೋಟದ ಕೆಳಗಿನ ಪಟ್ಟಿಯಲ್ಲಿ ಹೂವು ಬಹಳ ಉದುರಿತು. ಮೇಲಿನ ಪಟ್ಟಿ ಉಳಿಯಿತು. ಇದನ್ನು ಬರೆಯುವ ಹೊತ್ತಿಗೆ ಕಾಯಿ ಹೆಸರುಕಾಳಿನಷ್ಟಾಗಿವೆ. ಒಂದು ವಾರ ತಡೆದಿದ್ದರೆ ಪೂರ್ತಿ ಉಳಿಯುತ್ತಿತ್ತೇ? ಇರಬಹುದು. ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರಲಿಲ್ಲ.)

ಮಧ್ಯಾಹ್ನ ಬದುವಿನ ಮೇಲೆ ಕುಳಿತು ರೊಟ್ಟಿ ಬಿಚ್ಚಿದೆವು. ಸುಹಾಸ ಒದ್ದೆ ಕೈ ಅಂಗಿಗೆ ಒರೆಸಿಕೊಂಡು ಫೋನಿನಲ್ಲಿ ಆ ಅ‍್ಯಾಪ್ ತೆಗೆದ. ಸ್ವಲ್ಪ ಹೊತ್ತು ನೋಡಿ, ನಗು ತಡೆಯಲಾಗದೆ ಅಪ್ಪನ ಮುಂದೆ ಹಿಡಿದ. ಇವತ್ತಿನ ದಿನದ ಮೇಲೆ ಇನ್ನೂ ಒಂದು ಹಳದಿ ಸೂರ್ಯ ಮಿರಿಮಿರಿ ಮಿಂಚುತ್ತಿತ್ತು.

ಮಾಮಾ ಅದನ್ನು ನೋಡಿದರು. ತಲೆಯ ಮೇಲಿನ ಮೋಡ ನೋಡಿದರು. ರೊಟ್ಟಿ ಮುರಿಯುತ್ತ ಕೇಳಿದರು:

"ನಾಳೆ ಅದು ತಂತಿ ಹಿಡಿಯಾಕ ಬರ್ತದೇನು, ಕೇಳು."