ಕೆರೆ ಏರಿಗೆ ಸಾರಿಸಿದ ದಿನ

ನಮ್ಮ ತಾಲ್ಲೂಕಿನಿಂದ ಗೆದ್ದು ಮಂತ್ರಿಯಾದವರೊಬ್ಬರನ್ನು ಜನ ಈಗಲೂ ಬೈಯುತ್ತಾರೆ. ಎಂಜಿನಿಯರ್ ಆಗಿದ್ದವನಿಗೆ ಕೆರೆ ಒಡೆಯುವುದು ಕಾಣಲಿಲ್ಲವೇ, ಅಧಿಕಾರ ಸಿಕ್ಕ ಮೇಲೆ ಕಣ್ಣು ನೆತ್ತಿಗೇರಿತ್ತು ಅಂತ. ಅವರ ಕಣ್ಣು ನೆತ್ತಿಗೇರಿರಲಿಲ್ಲ. ಅವರಿಗೆ ಸುಳ್ಳು ಹೇಳಿದವಳು ನಾನು. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಸಾಕು.

ನಮ್ಮದು ದೊಡ್ಡಬಳ್ಳಾಪುರದಿಂದ ಎರಡು ಗಂಟೆ ನಡೆಯುವಷ್ಟು ದೂರದ ಹಳ್ಳಿ. ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವುದು, ಏರಿ ಕಾಯುವುದು ಅವರ ಕೆಲಸ. ಕೊಯ್ಲಾದಾಗ ಪ್ರತಿ ಕಣದಿಂದಲೂ ಅವರ ಪಾಲಿನ ಭತ್ತ ಬರುತ್ತಿತ್ತು. ಅರವತ್ತರ ದಶಕದಲ್ಲಿ ಆ ಮಂತ್ರಿ ಇನ್ನೂ ಕಿರಿಯ ಎಂಜಿನಿಯರ್. ಖಾಕಿ ಚಡ್ಡಿ, ಕೆಸರು ಮೆತ್ತಿದ ಬೂಟು, ಒಂದು ಸೈಕಲ್ಲು. ಅಪ್ಪನ ಜೊತೆ ಏರಿಯ ಉದ್ದಕ್ಕೂ ಅಳೆದು ನಡೆದು, ನಮ್ಮ ಜಗುಲಿಯಲ್ಲೇ ಕೂತು ಮುದ್ದೆ ಉಂಡು ಹೋಗುತ್ತಿದ್ದರು. ನಮ್ಮಂಥವರ ಮನೆಯಲ್ಲಿ ಉಂಡರಲ್ಲಾ ಅಂತ ಊರಿನ ದೊಡ್ಡವರಿಗೆಲ್ಲ ಹೊಟ್ಟೆಯುರಿ. ತೂಬಿನ ಪಕ್ಕ, ಏರಿಯ ಬುಡದಲ್ಲಿ ನೀರು ಜಿನುಗುವ ಜಾಗವೊಂದಿತ್ತು. ಅದನ್ನು ತೋರಿಸಿ ಅಪ್ಪನಿಗೆ ಹೇಳಿದ್ದರು: "ತಿಳಿ ನೀರು ಬಂದ್ರೆ ಹೆದರ್ಬೇಡಪ್ಪಾ. ಕೆಂಪಗೆ ಬಂತೋ, ಒಳಗಡೆ ಮಣ್ಣು ಕರಗ್ತಾ ಇದೆ ಅಂತ. ನಾನೆಲ್ಲಿದ್ರೂ ಹೇಳಿ ಕಳಿಸು."

ಆಮೇಲೆ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು, ಚುನಾವಣೆಗೆ ನಿಂತರು, ಗೆದ್ದರು, ಮಂತ್ರಿಯೂ ಆದರು. ಆ ವರ್ಷವೇ ನೀರು ಕೆಂಪಾಯಿತು. ಅಪ್ಪ ದಿನಾ ಬೆಳಿಗ್ಗೆ ಬೊಗಸೆಯಲ್ಲಿ ಹಿಡಿದು ನೋಡಿ, ಮನೆಗೆ ಬಂದು ಊಟ ಬಿಟ್ಟು ಕೂರುತ್ತಿದ್ದರು. ಪಂಚಾಯ್ತಿ ಛೇರ್ಮನ್ನರಿಗೆ ಹೇಳಿದರೆ, "ಮುಂದಿನ ವಾರ ಮಂತ್ರಿಗಳೇ ಬರ್ತಾವ್ರೆ ಕಣೋ, ತಡ್ಕೋ" ಅಂದರು. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

ಛೇರ್ಮನ್ನರ ಯೋಚನೆಯೇ ಬೇರೆ. ಮಂತ್ರಿಗಳಿಂದ ಊರಿಗೆ ಡಾಂಬರು ರಸ್ತೆ ಕೇಳಬೇಕು, ಬಂದವರ ಕಣ್ಣಿಗೆ ಕೊಳಕು ಬೀಳಬಾರದು. ಕಾರು ನಿಲ್ಲುವುದು ಸರಿಯಾಗಿ ಆ ಜಿನುಗಿನ ಎದುರಿಗೇ. ಅಲ್ಲಿಗೆ ಎರಡು ಗಾಡಿ ಜೇಡಿಮಣ್ಣು ಹಾಕಿಸಿ ಗಟ್ಟಿಯಾಗಿ ತಟ್ಟಿಸಿದರು. ಸಾರಿಸಿ ರಂಗೋಲಿ ಬಿಡಲು ನನ್ನನ್ನು ಕರೆದರು. ನಾನು ಆಗ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತವಳು. "ಬಾಲವಾಡಿ ಟೀಚರ್ ಕೆಲಸಕ್ಕೆ ನಿನ್ ಅರ್ಜಿ ನಾನೇ ಅವ್ರ ಕೈಗೆ ಕೊಡ್ತೀನಿ ಕಣವ್ವಾ. ಆದ್ರೆ ಕೆಂಪು ನೀರು ಗಿಂಪು ನೀರು ಅಂತ ಅಪಶಕುನ ನುಡೀಬ್ಯಾಡ," ಅಂದರು. ಸಗಣಿ ಕಲಸಿ ಸಾರಿಸಿದೆ. ಎಂಟು ದಳದ ತಾವರೆ ಬಿಟ್ಟೆ. ಎಷ್ಟು ಚೆನ್ನಾಗಿ ಬಂತಲ್ಲಾ ಅಂತ ಹಿಗ್ಗಿದೆ ಕೂಡ, ನನ್ನ ಬುದ್ಧಿಗೆ ಬೆಂಕಿ ಬೀಳ! ಅಪ್ಪನನ್ನು ಮಾತ್ರ ಛೇರ್ಮನ್ನರು, ಮಂತ್ರಿಗಳು ಅಲ್ಲಿಗೇ ಬರುತ್ತಾರೆಂದು ನಂಬಿಸಿ, ಕೆರೆಯ ಆ ತುದಿಗೆ, ಕೋಡಿಯ ಹತ್ತಿರ ನಿಲ್ಲಿಸಿದ್ದರು.

ಮಂತ್ರಿ ಬಂದರು. ಬಿಳಿ ಪಂಚೆ, ಬಿಳಿ ಜುಬ್ಬ. ನಾನು ಆರತಿ ತಟ್ಟೆ ಹಿಡಿದು ನಿಂತಿದ್ದೆ. ಹಾರ ಹಾಕಿಸಿಕೊಳ್ಳುತ್ತಲೇ ಅವರು ನೆಲ ನೋಡಿದರು. ತಾವರೆಯ ಒಂದು ಮಗ್ಗುಲು ನೆನೆದು ಹರಡುತ್ತಿತ್ತು.

"ಇಲ್ಯಾಕಮ್ಮ ಇಷ್ಟು ಹಸಿ?"

"ಈಗ ತಾನೆ ಸಾರಿಸಿದ್ದು ಸ್ವಾಮಿ."

"ನೀನು ನೀರುಗಂಟಿ ಮಗಳಲ್ವಾ? ಅಪ್ಪ ಏನಾದ್ರೂ ಹೇಳಿದ್ರಾ ಈ ಜಾಗದ ವಿಷ್ಯ?"

ಛೇರ್ಮನ್ನರು ನನ್ನ ಬೆನ್ನ ಹಿಂದೆಯೇ ಇದ್ದರು. ಅವರ ಜೇಬಿನಲ್ಲಿ ನನ್ನ ಅರ್ಜಿ.

"ಏನೂ ಇಲ್ಲ ಸ್ವಾಮಿ. ಎಲ್ಲಾ ಚೆನ್ನಾಗೈತೆ," ಅಂದೆ.

ಅವರು ಇನ್ನೊಮ್ಮೆ ಏರಿಯ ಬುಡ ನೋಡಿದರು, ನನ್ನ ಮುಖ ನೋಡಿದರು. ನೀರುಗಂಟಿಯ ಮಗಳೇ ಹೇಳಿದ ಮೇಲೆ ನಂಬದೆ ಇನ್ನೇನು ಮಾಡಿಯಾರು? ಅಪ್ಪ ಕೋಡಿಯಿಂದ ಓಡಿ ಬರುವಷ್ಟರಲ್ಲಿ ಕಾರು ಹೋಗಿ ಧೂಳು ಮಾತ್ರ ಉಳಿದಿತ್ತು.

"ಕೆಂಪು ನೀರು ಅಂತ ಹೇಳ್ದೇನವ್ವಾ?" ಅಂತ ಏದುಸಿರು ಬಿಡುತ್ತಾ ಕೇಳಿದರು.

"ಹೇಳ್ದೆ," ಅಂದೆ.

ಅಪ್ಪ ನಂಬಿದರು. ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ ಅಂತ ರಿಪೇರಿಯವರಿಗೆ ಕಾದರು. ನಿಜ ಹೇಳಬೇಕೆಂದು ಎಷ್ಟೋ ಸಲ ಹತ್ತಿರ ಹೋದೆ, ನಾಲಿಗೆ ಏಳಲಿಲ್ಲ. ಹಿಂಗಾರು ಮಳೆಗೆ ಒಂದು ಬೆಳಿಗ್ಗೆ ಏರಿ ಅಲ್ಲೇ ಬಾಯಿ ಬಿಟ್ಟಿತು. ಜನ ಸಾಯಲಿಲ್ಲ. ತೆನೆ ಕಟ್ಟಿದ ಗದ್ದೆಗಳೆಲ್ಲ ಮರಳಿನಡಿ ಹೋದವು.

ಮಾರನೆಯ ದಿನವೇ ಮಂತ್ರಿ ಬಂದರು. ಪಂಚೆ ಎತ್ತಿ ಕಟ್ಟಿ ಕೆಸರಿಗಿಳಿದು, ಎಲ್ಲರ ಎದುರಿಗೆ ಅಪ್ಪನನ್ನು ಕೇಳಿದರು: "ಯಾಕಪ್ಪಾ ಒಂದು ಮಾತು ಹೇಳಿ ಕಳಿಸ್ಲಿಲ್ಲ? ನಿನ್ನ ಮಗಳನ್ನೇ ಕೇಳಿದ್ನಲ್ಲ, ಏನೂ ಇಲ್ಲ ಅಂದ್ಲು!"

ಅಪ್ಪ ತಿರುಗಿ ನನ್ನನ್ನು ನೋಡಿದರು.

"ಅದಕ್ಕೇನು ಗೊತ್ತು ಸ್ವಾಮಿ, ಕೂಸು. ನಾನೇ ಸರಿಯಾಗಿ ನೋಡ್ಕೊಳ್ಲಿಲ್ಲ. ತಪ್ಪು ನಂದೇ," ಅಂದರು.

ಛೇರ್ಮನ್ನರು ಕಮಕ್ ಕಿಮಕ್ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಊರವರು ಅಪ್ಪನನ್ನು ನೀರುಗಂಟಿ ಕೆಲಸದಿಂದ ತೆಗೆದರು. ಯಾವ ಕಣದ ಹತ್ತಿರವೂ ಸೇರಿಸಲಿಲ್ಲ. ಎರಡು ತಿಂಗಳಿಗೆ ಮಂತ್ರಿಗಳ ಶಿಫಾರಸಿನ ಮೇಲೆ ನನ್ನ ಕೆಲಸದ ಆರ್ಡರ್ ಬಂತು. ಹರಿದು ಹಾಕೋಣವೆಂದರೆ ಮನೆಯಲ್ಲಿ ರಾಗಿ ಇರಲಿಲ್ಲ. ಸಾಯುವ ತನಕ ಅಪ್ಪ ಆ ಸಂಬಳದ ಅನ್ನವನ್ನೇ ಉಂಡರು. ಯಾಕೆ ಹಾಗೆ ಮಾಡಿದೆ ಅಂತ ಒಂದು ದಿನವೂ ಕೇಳಲಿಲ್ಲ. ಕೇಳಿ, ಎರಡು ಬಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.