ಎಸಾಬಾ ಮೂಸಿದ ಮೀನು

ನನ್ನ ಅಕ್ಷರ ಸೊಟ್ಟ, ಶಾಲೆ ಅರ್ಧಕ್ಕೇ ಬಿಟ್ಟವಳ ಮಾತೂ ಮೊಂಡು, ಓದುವವರು ಮನ್ನಿಸಬೇಕು. ನಮ್ಮ ಓಣಿಯ ಎಸಾಬಾಳ ವಿಷಯವನ್ನಾದರೂ ತಪ್ಪಿಲ್ಲದೆ ಬರೆಯಲು ನೋಡಿದ್ದೇನೆ.

ನಮ್ಮ ಕಡಲೂರು ಡಿಕ್ಸ್‌ಕೋವ್‌ನ ದಂಡೆಯಲ್ಲಿ ಮೀನು ಮಾರುವ ಹೆಂಗಸರಿಗೆಲ್ಲ ಎಸಾಬಾ ಹಿರಿಯಳು. ದೋಣಿ ದಡ ಮುಟ್ಟಿದರೆ ಮೊದಲು ಅವಳು ಮೀನಿನ ಕಿವಿರು ಎತ್ತಿ ಮೂಸಬೇಕು, ದರ ಕೂಗಬೇಕು. ಅಲ್ಲಿಯವರೆಗೆ ಯಾರೂ ಮೀನಿಗೆ ಕೈ ಹಾಕುವಂತಿಲ್ಲ.

ದಡದ ಹತ್ತಿರ ಮೀನು ಕಡಿಮೆಯಾದಾಗ, ದೋಣಿ ನಡೆಸುವ ತನ್ನ ತಮ್ಮ ಎಬೋನಿಗೆ ಅವಳೇ ಹೇಳಿದ್ದಳು: "ಎಣ್ಣೆ ಹಡಗಿನ ದೀಪದ ಕೆಳಗೆ ಮೀನು ಮುತ್ಕೊಂಡಿರ್ತಾವಂತೆ. ಕಾವಲಿನವ್ರ ಕಣ್ತಪ್ಪಿಸಿ ಹೋಗೋ." ಆ ಹಡಗು ಕಡಲ ತಳದಿಂದ ಎಣ್ಣೆ ಎತ್ತುತ್ತದೆ, ಎಣ್ಣೆಯ ಜೊತೆ ನೆಲದಡಿಯಿಂದ ಬರುವ ನೀರನ್ನು ಸೋಸಿ ಸಮುದ್ರಕ್ಕೇ ಬಿಡುತ್ತದೆ. ಮಂಗಳವಾರ ಕಡಲಿಗೆ ವಿಶ್ರಾಂತಿಯೆಂದು ನಮ್ಮ ದೋಣಿಗಳು ಇಳಿಯುವುದಿಲ್ಲ. ಆ ಹಡಗಿನ ಕೊಳವೆಗೆ ಮಂಗಳವಾರವೂ ವಿಶ್ರಾಂತಿಯಿಲ್ಲ.

ಎಬೋ ತಂದ ಮೀನಿನಲ್ಲಿ ಸೀಮೆಎಣ್ಣೆಯಂಥ ವಾಸನೆಯಿತ್ತು.

"ಏನೋ ಇದು?"

"ಮೋಟಾರಿನ ಪೆಟ್ರೋಲ್ ಚೆಲ್ತಕ್ಕಾ. ನಿನ್ನ ಮೂಗಿಗೂ ವಯಸ್ಸಾಯ್ತು ಬಿಡು!"

ಹೆಂಗಸರು ನಕ್ಕರು. ಪೆಟ್ರೋಲ್ ವಾಸನೆಯಿಲ್ಲದ ದೋಣಿ ಯಾವುದಿದೆ? ಎಸಾಬಾಳೂ ನಕ್ಕು ದರ ಕೂಗಿದಳು. ಆದರೆ ಮನೆಯಲ್ಲಿ ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಚೆಲ್ಲಿದ ಪೆಟ್ರೋಲ್ ಚರ್ಮಕ್ಕೆ ಅಂಟುತ್ತದೆ, ಇದು ಮಾಂಸದೊಳಗಿತ್ತು. ಗೊತ್ತಾದ ಮೇಲೂ ಅವಳು ಒಲೆಗೆ ಕಬ್ಬಿನ ಸಿಪ್ಪೆ ಹೆಚ್ಚಾಗಿ ಹಾಕಿ, ಮೀನಿಗೆ ಹೊಂಬಣ್ಣ ಬರುವಂತೆ ಹೊಗೆ ಕೊಟ್ಟು, ಶಾಲೆಯ ಮುಂದೆ ಜೋಳದ ಹಿಟ್ಟಿನ ಕೆಂಕೆ ಕಡುಬು, ಮೀನು ಮಾರುವ ಮಾನ್ಸಾಳಿಗೆ ಮಾರಿದಳು.

ಎರಡು ದಿನ ಕಳೆದು ಮಾನ್ಸಾ ಬಂದಳು. "ನನ್ನ ನಾಲಿಗೆನೇ ಕೆಟ್ಟೋಗಿದೆ ಕಣೇ ತಾಯಿ. ನಿನ್ನ ಮೀನು ತಿಂದ್ರೆ ದೀಪದ ಬತ್ತಿ ಚೀಪಿದಂಗಾಯ್ತು! ಮಕ್ಕಳೂ ಮುಖ ಸಿಂಡರಿಸಿದ್ವು. ಎಸಾಬಾ ಮೂಸಿದ ಮೀನು ಕಣ್ರೋ, ಸುಮ್ನೆ ತಿನ್ನಿ ಅಂತ ಗದರಿಸಿ ತಿನ್ನಿಸ್ದೆ. ನಾಲಿಗೆಗೆ ಏನಾದ್ರೂ ಮದ್ದು ಹೇಳೇ."

"ಶುಂಠಿ ಕುದಿಸಿ ಕುಡಿ," ಎಂದಳು ಎಸಾಬಾ. ಅಂದಿನಿಂದ ಅವಳಿಗೆ ಊಟ ಸೇರಲಿಲ್ಲ.

ಇಂದು ಎಬೋ ಮತ್ತೆ ಆ ಹಡಗಿನ ಬಳಿಯಿಂದಲೇ ದೋಣಿ ತುಂಬ ಮೀನು ತಂದ. ಎಸಾಬಾ ಕಿವಿರು ಎತ್ತಿ ಮೂಸಿ ಮೀನನ್ನು ಮರಳಿನ ಮೇಲಿಟ್ಟಳು.

"ದರ ಕೂಗಕ್ಕಾ, ದೋಣಿ ಹುಡುಗ್ರು ಹಸ್ಕೊಂಡಿದಾರೆ."

"ಇದು ಪೆಟ್ರೋಲಲ್ಲ ಕಣೋ. ಹೋದ್ಸಲದ್ದೂ ಅಲ್ಲ. ಗೊತ್ತಿದ್ದೇ ಮಾರ್ದೆ."

"ಅಲ್ಲಿಗೆ ಕಳಿಸ್ದೋಳು ನೀನೇ ಅಲ್ವಾ?"

"ಹೂಂ. ನಾನೇ."

ದರ ಕೂಗದ ಮೀನು ಮರಳಿನ ಮೇಲೇ ಉಳಿಯಿತು. ದೋಣಿಯವರು ಅವಳ ಮುಖ ನೋಡದೆ ಬರಿಗೈಯಲ್ಲಿ ಮನೆಗೆ ಹೋದರು.

ನಾಳೆ ಮಂಗಳವಾರ. ಎಸಾಬಾ ಮಾನ್ಸಾಳ ಮನೆಗೆ ಹೋಗಿ, ಅವಳ ನಾಲಿಗೆ ಸರಿಯಾಗಿಯೇ ಇತ್ತು ಎಂದು ಹೇಳುತ್ತಾಳೆ. ನಾನೂ ಜೊತೆಗೆ ಹೋಗುತ್ತೇನೆ.