ಮೊದಲು ಬಾಯಿಬಿಟ್ಟವನು ಸೋತ

ದೇವನಹಳ್ಳಿಯ ಜಮೀನು ಬ್ರೋಕರ್ ವೆಂಕಟರಾಮಪ್ಪನಿಗೆ ಅನುಮಾನ ಎಷ್ಟೆಂದರೆ, ಕನ್ನಡಿಯಲ್ಲಿ ಕಂಡವನಿಗೂ ಆಧಾರ್ ಕಾರ್ಡ್ ಕೇಳುತ್ತಾನೆ. ವ್ಯಾಪಾರದಲ್ಲಿ ಮೊದಲು ಬಾಯಿಬಿಟ್ಟವನು ಸೋತ ಎಂಬುದೇ ಅವನ ವೇದ. ಒಮ್ಮೆ ಅವನು ಸುಮ್ಮನೆ ಕೂತದ್ದಕ್ಕೆ ಎದುರಿನ ಪಾರ್ಟಿಯ ಗಡ್ಡ ಮಂಡಿಗೆ ಬಂದದ್ದನ್ನು ನಾನೇ ಕಂಡಿದ್ದೇನೆ. ತಮ್ಮ ಮುನೀಂದ್ರನ ಜತೆ ಮಾತು ಬಿಟ್ಟು ವರ್ಷಗಳಾದವು. ‘ಅವನೇ ಮೊದ್ಲು ಮಾತಾಡ್ಲಿ’ ಎಂದು ಕಾಯುತ್ತಾ ನಿದ್ದೆ ಕಳೆದುಕೊಂಡವನನ್ನು ಹೆಂಡತಿ ಸಪ್ಪಲಮ್ಮ ಕೌನ್ಸೆಲರ್ ಸಿಂಚನಾಳ ಮುಂದೆ ಕೂರಿಸಿದಳು. ಆಕೆ ಮಾತ್ರೆ ಕೊಡಲಿಲ್ಲ, ಬುದ್ಧಿ ಹೇಳಲಿಲ್ಲ; ‘ನಿಮ್ಗೆ ಏನ್ ಅನ್ಸುತ್ತೋ ಅದನ್ನೇ ಹೇಳಿ’ ಎಂದು ಸುಮ್ಮನಾದಳು. ಇವನು ಅದನ್ನೂ ಚೌಕಾಸಿ ಅಂದುಕೊಂಡು ತುಟಿ ಹೊಲಿದುಕೊಂಡ. “ಆಯಮ್ಮ ಭಾರಿ ಪಾರ್ಟಿ ತಾತ! ಏನೂ ಬೇಡ್ವಂತೆ. ಏನೂ ಬೇಡ ಅನ್ನೋರು ಇಡೀ ಸರ್ವೆ ನಂಬರ್‌ಗೇ ಕಣ್ಣಾಕಿರ್ತಾರೆ,” ಎಂದು ಪ್ರತಿವಾರ ನನ್ನ ಜಗಲಿಯಲ್ಲಿ ಮೀಸೆ ತಿರುವುತ್ತಿದ್ದ. ನಿನ್ನೆ ಬಂದಾಗ ಅವನ ಹೆಗಲ ಟವೆಲ್ಲು ಒದ್ದೆಯಾಗಿತ್ತು. “ಸೋತ್ಬಿಟ್ಟೆ ತಾತ. ನಾನೇ ಮೊದ್ಲು ಬಾಯಿಬಿಟ್ಟು ತಮ್ಮನ್ ವಿಷ್ಯ ಎಲ್ಲಾ ಹೇಳ್ಕೊಂಡ್ಬಿಟ್ಟೆ.” “ಆಯಮ್ಮ ಏನಂದ್ಳೋ?” “‘ತಮ್ಮನ ಮಾತಿಲ್ದೆ ನಿಮ್ಗೆ ಸಂಕಟ ಆಗ್ತಿದೆ’ ಅಂದ್ಳು. ನಾನಂದಿದ್ದನ್ನೇ ವಾಪಸ್ ಕೊಟ್ಳು, ಕಮಿಷನ್ನೂ ಹಿಡ್ಕೊಳ್ಳಿಲ್ಲ!” ಆಮೇಲೆ ಜಗಲಿಯಲ್ಲೇ ಕೂತು ತಮ್ಮನಿಗೆ ಫೋನ್ ಮಾಡಿದ. ಆ ಕಡೆ ಎತ್ತಿದರು. ಸ್ಪೀಕರಿನಲ್ಲಿ ಉಸಿರು ಮಾತ್ರ ಕೇಳಿಸಿತು. ವೆಂಕಟರಾಮಪ್ಪ ಒಮ್ಮೆ ನನ್ನನ್ನೂ ಅನುಮಾನದಿಂದ ನೋಡಿ, “ಲೇ ಮುನೀಂದ್ರ, ಊಟ ಆಯ್ತೇನ್ಲಾ?” ಎಂದ.